ಎರಡು ದಿನದ ಗಾಯ

ಕಳೆದ ತಿಂಗಳು ಚಿತ್ತಾಪುರದಲ್ಲಿ ಏಳುತ್ತಿರುವ ಸರ್ಕಾರಿ ಕಟ್ಟಡವೊಂದರ ಬಗ್ಗೆ ಬರೆಯಲು ಹೋಗಿದ್ದೆ. ಗುತ್ತಿಗೆದಾರ ಬಂದಿರಲಿಲ್ಲ. ಒಳಗೆ ಇಬ್ಬರು ನೆಲದ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದರು. ಮೆಷಿನ್ನಿನ ಅಡಿಯಿಂದ ಬೂದು ಬಣ್ಣದ ರಾಡಿ ಹರಿದು ಬಾಗಿಲ ತನಕ ಬಂದಿತ್ತು. ನೀರು ಕುಡಿದ ಶಹಾಬಾದ್ ಕಲ್ಲಿಗೆ ಒಂದು ವಾಸನೆ ಇದೆ. ಅದು ಮಳೆ ಬಿದ್ದ ಮಣ್ಣಿನದಲ್ಲ, ಹಸಿ ಸುಣ್ಣದ ಹತ್ತಿರದ್ದು. ಇಬ್ಬರೂ ಬರಿಗಾಲಲ್ಲಿದ್ದರು. ಅವರ ಬೆರಳ ಸಂದಿಗಳಲ್ಲಿ ರಾಡಿ ಒಣಗಿ ಬಿರುಕು ಬಿಟ್ಟಿತ್ತು. ನಾನು ಪಾದಗಳನ್ನೇ ನೋಡುತ್ತ ನಿಂತದ್ದಕ್ಕೆ ಒಬ್ಬ ಮೆಷಿನ್ ನಿಲ್ಲಿಸಿ, "ಏನ್ ನೋಡ್ಲಿಕತ್ತೀರಿ ಸರ?" ಎಂದ. ಏನಿಲ್ಲ ಎಂದು ಹೊರಗೆ ಬಂದೆ. ಸೇಡಂ ಬಸ್ಸು ನಿಂತಿತ್ತು. ಸೇಡಂನಲ್ಲಿ ನನಗೆ ಕೆಲಸವಿರಲಿಲ್ಲ. ಹತ್ತಿದೆ.

ಕೆಲವು ವರ್ಷಗಳ ಹಿಂದೆ ಸೇಡಂನಲ್ಲಿ ನಾನು ಇದ್ದದ್ದು ಒಂದೇ ಮಳೆಗಾಲ. ಪತ್ರಿಕೆಯ ತಾಲ್ಲೂಕು ವರದಿಗಾರನಾಗಿ ಹೋಗಿದ್ದೆ. ಬಾಡಿಗೆಗೆ ಹಿಡಿದದ್ದು ಭೀಮಶಾ ಅವರ ಮನೆಯ ಮುಂದಿನ ಕೋಣೆ. ಭೀಮಶಾ ಶಹಾಬಾದಿನ ಪಾಲಿಶ್ ಕಾರ್ಖಾನೆಗಳಲ್ಲಿ ಹತ್ತು ಹದಿನೈದು ವರ್ಷ ದುಡಿದು, ಆಮೇಲೆ ಕಲ್ಲು ಹಾಸುವ ಮೇಸ್ತ್ರಿಯಾದವರು. ನಲವತ್ತೈದರ ಆಸುಪಾಸು. ನನ್ನ ಕೋಣೆಯ ನೆಲ ಅವರದೇ ಕೈಕೆಲಸ. ಎರಡು ಕಲ್ಲುಗಳ ನಡುವೆ ಉಗುರು ಹೋಗುತ್ತಿರಲಿಲ್ಲ. ನಾನು ಹೋದ ಮೂರನೇ ವಾರಕ್ಕೆ ಅವರು ಒಮಾನಿನ ಸಲಾಲಾ ಊರಿಗೆ ಕೆಲಸಕ್ಕೆ ಹೊರಟರು. ಹಿಂದೊಮ್ಮೆ ಎರಡು ವರ್ಷ ಇದ್ದು ಬಂದಿದ್ದ ಊರೇ. ಹೊರಡುವ ದಿನ ನನ್ನ ಮೇಜಿನ ಮೇಲಿದ್ದ ಪತ್ರಿಕೆ ಎತ್ತಿ ನೋಡಿ ಹೇಳಿದ್ದರು: "ಸರ, ನೀವು ಬರೀತೀರಿ, ನಾ ಹಾಸ್ತೀನಿ. ನಿಮ್ಮದು ನಾಳಿಗಿ ರದ್ದಿ. ನಂದು ಮಮ್ಮಕ್ಕಳು ಓಡ್ಯಾಡೂ ತನಕ ಇರ್ತದ."

ಮನೆಯಲ್ಲಿ ಉಳಿದವರು ಅವರ ಹೆಂಡತಿ ಕಮಲಾಬಾಯಿ. ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಿತ್ತು. ಕಮಲಾಬಾಯಿ ಆಡಕಿ ಕಡೆಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು, ಸಂಜೆ ಬಂದು ನನಗೂ ಎರಡು ರೊಟ್ಟಿ ಬಡಿಯುತ್ತಿದ್ದರು. ಓದಲು ಬರುತ್ತಿರಲಿಲ್ಲ. ನಾನು ಬರೆದದ್ದನ್ನು ಓದಿಸಿ ಕೇಳಿ, ತಪ್ಪು ಹುಡುಕುತ್ತಿದ್ದರು. ಸಾಮಾನ್ಯವಾಗಿ ಸಿಗುತ್ತಿತ್ತು.

ಗಲ್ಲಿಯ ತುದಿಯಲ್ಲಿ ಮಕ್ಬೂಲ್ ಡಾಕ್ಟರ ದವಾಖಾನೆ. ಒಂದು ಕುರ್ಚಿ, ಒಂದು ಬೆಂಚು, ಸೂಜಿ ಕುದಿಸುತ್ತಿದ್ದ ಕಾಲದ ಒಂದು ಸ್ಟೋವ್. ಊರಿನ ಸುದ್ದಿಯೆಲ್ಲ ಆ ಬೆಂಚಿನ ಮೇಲೆ ಸಿಗುತ್ತಿದ್ದುದರಿಂದ ನಾನು ಸಂಜೆ ಅಲ್ಲೇ ಕೂರುತ್ತಿದ್ದೆ. ಅಲ್ಲಿ ಒಂದು ಪದ್ಧತಿ ಗಮನಿಸಿದೆ. ಎಷ್ಟು ದಿನದಿಂದ ನೋವು ಎಂದು ಡಾಕ್ಟರು ಕೇಳಿದರೆ ಯಾರೂ ನಿಜ ಹೇಳುತ್ತಿರಲಿಲ್ಲ. ತಾಲ್ಲೂಕಿನದೇ ಮುಧೋಳದಿಂದ ಬಂದ ಮುದುಕ ಇರಲಿ, ಗಲ್ಲಿಯ ಬಾಣಂತಿ ಇರಲಿ, ಉತ್ತರ ಒಂದೇ: ಎರಡು ದಿನ ಆತ್ರಿ. ಬಹಳ ದಿನ ಎಂದರೆ ಇಷ್ಟು ದಿನ ಎಲ್ಲಿ ಹೋಗಿದ್ದಿ ಎಂದು ಎಲ್ಲರೆದುರು ಬೈಸಿಕೊಳ್ಳಬೇಕು. ಮಕ್ಬೂಲ್ ಡಾಕ್ಟರು ಎದುರು ಮಾತಾಡದೆ ತಮ್ಮ ವಹಿಯಲ್ಲಿ ಇಪ್ಪತ್ತು ಎಂದು ಬರೆದುಕೊಳ್ಳುತ್ತಿದ್ದರು. ನಾನು ಕೇಳಿದ್ದಕ್ಕೆ, "ಎರಡು ಅಂದ್ರ ಇಪ್ಪತ್ತು. ನಿನ್ನಿ ಅಂದ್ರ ಒಂದು ವಾರ. ಈಗಷ್ಟೇ ಅಂದ್ರ ಮನ್ಯಾಗಿನ ದವಾ ಎಲ್ಲಾ ಮುಗದಾವ ಅಂತ ತಿಳ್ಕೋರಿ" ಎಂದರು.

ಎರಡನೇ ಸಲ ಬಂದಾಗ ಇನ್ನೊಂದು ಮಾತು. ಹೇಗಿದೆ ಎಂದರೆ ರೂಪಾಯಿಗೆ ಎಂಟಾಣೆ ಕಮ್ಮಿ ಆಗ್ಯದ, ಅಂದರೆ ಅರ್ಧಕ್ಕರ್ಧ ಗುಣವಾಗಿದೆ, ಎನ್ನಬೇಕು. ಗುಣ ಕಂಡಿಲ್ಲ ಎಂದರೆ ಡಾಕ್ಟರ ಕೈಗುಣದ ಹೆಸರು ಕೆಡಿಸಿದಂತೆ. ಆಮೇಲೆ ಆ ಕೈಯ ಔಷಧ ಹತ್ತುವುದಿಲ್ಲ ಎಂಬ ಅಂಜಿಕೆ ಬೇರೆ. ಎಂಟಾಣೆ ಎಂದವರ ನೋವಿನ ಜಾಗವನ್ನು ಮಕ್ಬೂಲ್ ಡಾಕ್ಟರು ಹೆಬ್ಬೆರಳಿಂದ ಒತ್ತಿ, ಮುಖ ನೋಡಿ, ಆಮೇಲೆ ಔಷಧ ಬದಲಿಸುತ್ತಿದ್ದರು. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಯಾರ ಮರ್ಯಾದೆಯೂ ಹೋಗದೆ ಕೆಲಸ ಆಗುತ್ತಿತ್ತು.

ಇದನ್ನು ನಾನು ಒಂದು ಸಣ್ಣ ಬಾಕ್ಸ್ ಸುದ್ದಿಯಾಗಿ ಬರೆದೆ. ಡೆಸ್ಕಿನವರು ಮೆಚ್ಚಿದರು. ಕಮಲಾಬಾಯಿ ಓದಿಸಿ ಕೇಳಿ ನಕ್ಕರು. ಆ ಸಲ ತಪ್ಪು ಸಿಗಲಿಲ್ಲ.

ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರೆಯ, ಮಳೆ ಹೊತ್ತಿಗೆ ಸರಿಯಾಗಿ ಬಿತ್ತು. ಹೆಸರು, ಉದ್ದು, ತೊಗರಿ ಬಿತ್ತನೆ ಮುಗಿಯಿತು. ಆ ದಿನಗಳಲ್ಲೇ ಭೀಮಶಾ ಅವರ ಕಾಲಿನ ಸುದ್ದಿ ಮನೆಗೆ ಬಂತು. ಹೊಸ ಬೂಟು ಕಚ್ಚಿ ಬಲಗಾಲ ಹೆಬ್ಬೆರಳಿನ ಕೆಳಗೆ ಮೇ ತಿಂಗಳಲ್ಲೇ ಗುಳ್ಳೆ ಎದ್ದಿತ್ತು. ಒಡೆದು ಗಾಯವಾಗಿತ್ತು. ಸಲಾಲಾದಲ್ಲೂ ಅದು ಮಳೆಗಾಲವೇ. ದಿನವಿಡೀ ಜಿನುಗು. ಬೂಟು ಒಣಗುವುದಿಲ್ಲ, ಪಾಲಿಶ್ ಮಾಡುವಾಗಿನ ರಾಡಿ ಒಳಗೆ ಇಳಿಯುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು.

ಔಷಧದಂಗಡಿಗೆ ಹೋದ ಕಥೆಯನ್ನು ಅವರೇ ನಗುತ್ತ ಹೇಳಿದರಂತೆ. ಸೂಜಿ ಮಾಡಿಸಿಕೊಳ್ಳಬೇಕೆಂದು ತೋಳಿಗೆ ಬೆರಳು ಚುಚ್ಚಿ ತೋರಿಸಿದರೆ, ಅಂಗಡಿಯವನು ಕೂರಿಸಿ ತೋಳಿಗೆ ಬಿಪಿ ಪಟ್ಟಿ ಸುತ್ತಿದ. ಅಲ್ಲ ಎಂದು ಪಾದ ತೋರಿಸಿದರೆ, ಹಿಮ್ಮಡಿ ಒಡೆದದ್ದಕ್ಕೆ ಹಚ್ಚುವ ಮುಲಾಮು ಕೊಟ್ಟ. ಕೊಟ್ಟದ್ದನ್ನು ಬೇಡ ಎನ್ನಲು ಮಾತು ಬೇಕಲ್ಲ. ತಂದು ಒಂದು ತಿಂಗಳು ಹಚ್ಚಿದರು. ಕಮಲಾಬಾಯಿ ನನಗೆ ಹೇಳಿದ್ದು ಹೀಗೆ: "ಕಲ್ಲಿನ ಸಂದಿ ತುಂಬಾವ್ರು ಈಗ ಕಾಲಿನ ಸಂದಿ ತುಂಬ್ಲಿಕತ್ತಾರ ನೋಡ್ರಿ."

ಜುಲೈ ಮಧ್ಯದ ಒಂದು ಶುಕ್ರವಾರ ಸಂಜೆ ಭೀಮಶಾ ಅವರೇ ನನಗೆ ಫೋನು ಮಾಡಿದರು. ಸಣ್ಣ ಕ್ಲಿನಿಕ್ಕೊಂದರಲ್ಲಿ ಡಾಕ್ಟರ ಎದುರು ಕುಳಿತಿದ್ದರು. ಡಾಕ್ಟರು ಈಜಿಪ್ಟಿನವರು, ಅರಬ್ಬಿ ಮತ್ತು ಇಂಗ್ಲಿಷ್ ಬಲ್ಲವರು. ಭೀಮಶಾ ಅವರಿಗೆ ಕನ್ನಡ ಬಿಟ್ಟರೆ ಕಲ್ಲಿನ ಕೆಲಸಕ್ಕೆ ಬೇಕಾದಷ್ಟು ಹಿಂದಿ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದರು. ವಿಡಿಯೊ ಕಾಲ್ ಅಲ್ಲಿ ಹತ್ತುತ್ತಿರಲಿಲ್ಲ. ನಾನು ಮಧ್ಯದವನಾದೆ.

ಸಕ್ಕರೆ ಕಾಯಿಲೆ ಇದೆಯೇ ಎಂದು ಡಾಕ್ಟರು ಕೇಳಿದರು. ಇಲ್ರಿ ಎಂದರು ಭೀಮಶಾ. ಅವರು ತಿಳಿದು ಸುಳ್ಳು ಹೇಳಲಿಲ್ಲ. ಎಂದೂ ಪರೀಕ್ಷೆ ಮಾಡಿಸಿ ತಿಳಿದುಕೊಂಡಿರಲಿಲ್ಲ. ಆಮೇಲೆ ಡಾಕ್ಟರು, ಗಾಯ ಆಗಿ ಎಷ್ಟು ದಿನವಾಯಿತು ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ಎರಡು ದಿನ ಆತ್ರಿ," ಎಂದರು ಭೀಮಶಾ.

ಎರಡು ತಿಂಗಳಾಗಿದೆ ಎಂದು ನನಗೆ ಗೊತ್ತಿತ್ತು. ಸಲಾಲಾದ ಕ್ಲಿನಿಕ್ಕಿನ ಫ್ಯಾನ್ ಸದ್ದು ಕೇಳುತ್ತಿತ್ತು. ವೃತ್ತಿಗೆ ಬಂದ ಮೊದಲ ವರ್ಷ ನನಗೆ ಕಲಿಸಿದ ನಿಯಮ ಒಂದಿತ್ತು. ಹೇಳಿದವರು ಹೇಳಿದ್ದನ್ನೇ ಬರೆಯಬೇಕು, ನಮಗೆ ಗೊತ್ತಿರುವುದನ್ನು ಇನ್ನೊಬ್ಬರ ಬಾಯಿಗೆ ತುರುಕಬಾರದು. ಅದನ್ನು ನಾನು ಎಂದೂ ಮುರಿದಿರಲಿಲ್ಲ. ಹಳೆಯ ಗಾಯ ಎಂದರೆ ಕೆಲಸಕ್ಕೆ ಯೋಗ್ಯನಲ್ಲ ಎಂದು ಊರಿಗೆ ಅಟ್ಟಿಬಿಟ್ಟಾರು ಎಂಬ ಯೋಚನೆಯೂ ಬಂತು. ಟೂ ಡೇಸ್, ಎಂದೆ.

ಎರಡು ದಿನದ ಗಾಯಕ್ಕೆ ಕೊಡುವುದನ್ನು ಡಾಕ್ಟರು ಕೊಟ್ಟರು. ತೊಳೆದು ಪಟ್ಟಿ ಕಟ್ಟಿಸಿದರು, ಐದು ದಿನದ ಮಾತ್ರೆ ಬರೆದರು, ಕಾಲು ಒಣಗಿದ್ದಿರಲಿ ಎಂದರು. ಭೀಮಶಾ ಮಾತ್ರೆಯ ಚೀಟಿಯನ್ನು ಪಕ್ಕದಲ್ಲಿಟ್ಟು ಪಟ್ಟಿಯ ಫೋಟೊ ಕಳಿಸಿದರು. ಬೆಳ್ಳಗೆ, ಅಚ್ಚುಕಟ್ಟಾಗಿತ್ತು.

ರೊಟ್ಟಿ ಹೊತ್ತಿಗೆ ನಾನು ಕಮಲಾಬಾಯಿಗೆ ನಡೆದದ್ದನ್ನು ಹೇಳಿದೆ. ಅವರು ಹಂಚಿನ ಮೇಲಿಂದ ತಲೆ ಎತ್ತಲಿಲ್ಲ. "ಎರಡು ಅಂದಿರ್ತಾರ. ಡಾಕ್ಟರ್ ಇಪ್ಪತ್ತ ಬರಕೊಂಡಿರ್ತಾನ ಬಿಡ್ರಿ," ಎಂದರು.

ನಾನು ಬಿಟ್ಟೆ. ಆ ಡಾಕ್ಟರು ಇಪ್ಪತ್ತು ಬರೆದುಕೊಳ್ಳುವವರಲ್ಲ ಎಂದು ತಿಳಿದಿದ್ದವನು ಆ ಮನೆಯಲ್ಲಿ ನಾನೊಬ್ಬನೇ. ಕ್ಲಿನಿಕ್ಕಿನ ನಂಬರು ಫೋಟೊದಲ್ಲಿದ್ದ ಚೀಟಿಯ ಮೇಲೇ ಇತ್ತು.

ಮುಂದಿನ ಶುಕ್ರವಾರ ಮತ್ತೆ ಫೋನು. ಹೇಗಿದೆ ಎಂದು ಡಾಕ್ಟರು ಕೇಳಿದರು. ಭೀಮಶಾ ನನಗೆ, "ರೂಪಾಯಿಗಿ ಎಂಟಾಣೆ ಕಮ್ಮಿ ಆಗ್ಯದ ಅಂತ ಹೇಳ್ರಿ ಸರ, ಭಾಳ ಚಲೋ ಮನಷ್ಯಾ ಇದ್ದಾರ," ಎಂದರು. ನೋವು ಇದೆಯೇ ಎಂದು ಕೇಳಿದರೆ, ನೋವೇ ಇಲ್ಲ, ಬೆರಳು ಇದ್ದದ್ದೂ ತಿಳಿಯುವುದಿಲ್ಲ ಎಂದರು. ಅದು ಒಳ್ಳೆಯ ಸುದ್ದಿಯಲ್ಲ ಎಂದು ನನಗೆ ಹೊಳೆಯಲಿಲ್ಲ. ಫಿಫ್ಟಿ ಪರ್ಸೆಂಟ್ ಬೆಟರ್, ನೋ ಪೇನ್ ಎಂದೆ. ಡಾಕ್ಟರಿಗೆ ಸಮಾಧಾನವಾದದ್ದು ದನಿಯಲ್ಲೇ ಕೇಳಿಸಿತು. ಹೊರಗೆ ಬಹಳ ಜನ ಕಾದಿದ್ದಾರೆ, ನರ್ಸ್ ಪಟ್ಟಿ ಬದಲಿಸುತ್ತಾಳೆ, ಅದೇ ಮಾತ್ರೆ ಇನ್ನೊಂದು ವಾರ ಎಂದರು. ಎಂಟಾಣೆ ಎಂದವರ ಗಾಯವನ್ನು ಒತ್ತಿ ನೋಡಬೇಕು ಎಂದು ಅವರಿಗೆ ಯಾರು ಹೇಳಬೇಕಿತ್ತು?

ಆಗಸ್ಟಿನಲ್ಲಿ ಮಳೆ ಬಿಡಲಿಲ್ಲ. ಹೆಸರು ಕೊಯ್ಲಿಗೆ ಬಂದಿತ್ತು. ಕಾಯಿ ಗಿಡದಲ್ಲೇ ಮೊಳಕೆ ಒಡೆಯಿತು. ಕಮಲಾಬಾಯಿ ಕೆಸರಲ್ಲಿ ನಿಂತು ಬಿಡಿಸಿ ತಂದ ಕಾಯಿಯನ್ನು ನನ್ನ ಮೇಜಿನ ಮೇಲೆ ಸುರಿದು, ಬರೀರಿ ಇದನ್ನ ಎಂದರು. ಬರೆದೆ. ಗಂಡನ ಬಗ್ಗೆ ನಾನು ಕೇಳಿದಾಗಲೆಲ್ಲ ಅವರು ಆರಾಮ ಇದ್ದಾರೆ ಎನ್ನುತ್ತಿದ್ದರು, ಗಂಡ ಅವರಿಗೆ ಹೇಳಿದ್ದೂ ಅದೇ. ಒಂದು ಸಂಜೆ ಮಾತ್ರ, "ದನಿ ಬ್ಯಾರೆ ಆಗ್ಯದ ಸರ, ಜ್ವರದ ದನಿ ಅದ," ಎಂದರು. ನಾನು ಫೋನು ಹಚ್ಚಿದೆ. ಆರಾಮ ಅದೀನ್ರಿ ಎಂದರು ಭೀಮಶಾ. ಅದನ್ನೇ ಕಮಲಾಬಾಯಿಗೆ ಹೇಳಿದೆ.

ತಿಂಗಳ ಕೊನೆಗೆ ಕಾಗಿಣಾ ನದಿ ತುಂಬಿತು. ಮಳಖೇಡದ ಹತ್ತಿರ ಸೇತುವೆ ಮುಳುಗಿ ಎರಡೂ ಕಡೆ ಲಾರಿಗಳು ನಿಂತವು. ನಾನು ನೀರು ನೋಡುತ್ತಿದ್ದ ಜನರ ನಡುವೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಆಗ ಸಲಾಲಾದಿಂದ ಕರೆ ಬಂತು. ಈ ಸಲ ದೊಡ್ಡ ಆಸ್ಪತ್ರೆ, ಬೇರೆ ಡಾಕ್ಟರು. ಭೀಮಶಾ ಕೆಲಸದ ಜಾಗದಲ್ಲಿ ಕುಸಿದು ಬಿದ್ದಿದ್ದರು. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಪಾದ ಕೊಳೆತಿತ್ತು, ಕೊಳೆತ ಮೇಲೇರುತ್ತಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕು, ಇವತ್ತೇ, ಒಪ್ಪಿಗೆ ಬೇಕು, ರೋಗಿಗೆ ಅರ್ಥವಾಗುವಂತೆ ಹೇಳಿ ಎಂದರು.

ನೀರಿನ ಸದ್ದಿನಿಂದ ದೂರ ಹೋಗಿ ಒಂದು ಲಾರಿಯ ಮರೆಗೆ ನಿಂತು ಹೇಳಿದೆ. ಸುತ್ತುಬಳಸಿ ಹೇಳಲಿಲ್ಲ. ಕಾಲು ತೆಗೆಯುತ್ತಾರೆ ಎಂದೆ.

"ಸೂಜಿಲೆ ಹೋಗಂಗಿಲ್ಲೇನ್ರಿ?" ಎಂದರು ಭೀಮಶಾ.

ಅದನ್ನೂ ಇಂಗ್ಲಿಷಿಗೆ ಮಾಡಿ ಡಾಕ್ಟರಿಗೆ ಕೇಳಿದೆ. ಬದಲಿಗೆ ಅವರು, ಗಾಯ ನಿಜವಾಗಿ ಯಾವಾಗಿನದು ಎಂದು ನನ್ನನ್ನೇ ಕೇಳಿದರು. ಮೇ ತಿಂಗಳದ್ದು ಎಂದೆ. ಕ್ಲಿನಿಕ್ಕಿನ ಕಾಗದದಲ್ಲಿ ಎರಡು ದಿನ ಎಂದಿದೆ, ಮೊದಲೇ ಎರಡು ತಿಂಗಳು ಎಂದಿದ್ದರೆ ಯಾವ ಡಾಕ್ಟರೂ ಅವತ್ತೇ ಸಕ್ಕರೆ ಪರೀಕ್ಷೆ ಮಾಡಿಸದೆ ಬಿಡುತ್ತಿರಲಿಲ್ಲ, ಏಕೆ ಹೇಳಲಿಲ್ಲ ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಕನ್ನಡದಲ್ಲಿ ಉತ್ತರವಿತ್ತು, ಮಕ್ಬೂಲ್ ಡಾಕ್ಟರ ಬೆಂಚಿನ ಮೇಲೆ ಕೂತ ಯಾರಿಗಾದರೂ ತಿಳಿಯುವಂಥದು. ಇಂಗ್ಲಿಷಿನಲ್ಲಿ ಇರಲಿಲ್ಲ.

ಭೀಮಶಾ ಹೆಬ್ಬೆಟ್ಟು ಒತ್ತಿದರು. ನಾನು ನೆರೆಯ ಸುದ್ದಿ ಕಳಿಸಿ, ಸೇತುವೆಯ ನೀರು ಇಳಿದ ಮೇಲೆ ಮನೆಗೆ ಬಂದೆ. ಕಮಲಾಬಾಯಿ ಒಲೆಯ ಮುಂದೆ ಕುಳಿತು ಪೂರ್ತಿ ಕೇಳಿಸಿಕೊಂಡರು. ಅಳಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು.

"ಪೇಪರದಾಗ ಬರೆಯುವಾಗ ತಿಳದಿತ್ತು. ಫೋನಿನಾಗ ತಿಳೀಲಿಲ್ಲೇನ್ರಿ?"

ಅವರು ಹುಡುಕಿ ತೆಗೆದ ನನ್ನ ತಪ್ಪುಗಳಲ್ಲಿ ನನಗೆ ನೆನಪಿರುವುದು ಇದೊಂದೇ. ಅವತ್ತಿನಿಂದ ನನಗೆ ರೊಟ್ಟಿ ಬಡಿಯುವುದನ್ನು ಅವರು ನಿಲ್ಲಿಸಲಿಲ್ಲ. ಪತ್ರಿಕೆ ಓದಿಸಿ ಕೇಳುವುದನ್ನು ನಿಲ್ಲಿಸಿದರು.

ಅಕ್ಟೋಬರಿನಲ್ಲಿ ಭೀಮಶಾ ವಾಪಸು ಬಂದರು. ಹೈದರಾಬಾದಿನ ತನಕ ವಿಮಾನ, ಅಲ್ಲಿಂದ ರೈಲು. ಸೇಡಂ ನಿಲ್ದಾಣದಲ್ಲಿ ನಾನು ಮತ್ತು ಕಮಲಾಬಾಯಿ ಇಬ್ಬರೇ ಇದ್ದೆವು. ಯಾರೋ ಪ್ರಯಾಣಿಕರು ಅವರನ್ನು ಕಂಕುಳಿಗೆ ಕೈಕೊಟ್ಟು ಇಳಿಸಿದರು. ರೈಲು ಹೊರಟಿತು. ಅವರು ಊರುಗೋಲಿನ ಮೇಲೆ ಭಾರ ಹಾಕಿ ನಿಂತು, ನಮ್ಮಿಬ್ಬರ ಮುಖ ನೋಡದೆ ಪ್ಲಾಟ್‌ಫಾರ್ಮಿನ ಕಲ್ಲು ನೋಡಿದರು. ಜೋಡಣೆ ಸರಿ ಇಲ್ಲ, ಕೋಲು ಸಿಕ್ಕಿಕೊಳ್ಳುತ್ತದೆ ಎಂದರು. ಕಮಲಾಬಾಯಿ ಚೀಲ ಎತ್ತಿಕೊಂಡು ಮುಂದೆ ನಡೆದರು.

ಒಂದು ದಿನ ನಾನೇ ಮಾತು ತೆಗೆದೆ. ಅವತ್ತು ನಾನು ಡಾಕ್ಟರಿಗೆ ಎರಡು ತಿಂಗಳು ಎಂದು ಹೇಳಬೇಕಿತ್ತು ಎಂದೆ. ಭೀಮಶಾ ನನ್ನ ಕೋಣೆಯ ಹೊಸ್ತಿಲ ಮೇಲೆ ಕುಳಿತಿದ್ದರು. "ನಾ ಅಂದದ್ದು ನೀವು ಅಂದ್ರಿ. ಮತ್ತೇನ್ ಅನ್ನಬೇಕಿತ್ತು," ಎಂದರು. ಅದರಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಮಕ್ಬೂಲ್ ಡಾಕ್ಟರು ವಾರಕ್ಕೊಮ್ಮೆ ಬಂದು ಗಾಯ ನೋಡಿ ಹೋಗುತ್ತಿದ್ದರು. ತೊಗರಿ ರಾಶಿಯ ಹೊತ್ತಿಗೆ ನನಗೆ ಕಲಬುರಗಿಗೆ ವರ್ಗವಾಯಿತು.

ಅದಾಗಿ ಕೆಲವು ವರ್ಷಗಳ ಮೇಲೆ, ಕಳೆದ ತಿಂಗಳು, ಚಿತ್ತಾಪುರದಲ್ಲಿ ಹತ್ತಿದ ಬಸ್ಸಿನಿಂದ ಇಳಿದು ಆ ಗಲ್ಲಿಗೆ ಮತ್ತೆ ಹೋದೆ. ಮಕ್ಬೂಲ್ ಡಾಕ್ಟರು ತೀರಿಕೊಂಡಿದ್ದರು. ದವಾಖಾನೆ ಇದ್ದ ಕಡೆ ಮೊಬೈಲ್ ಅಂಗಡಿ ಇತ್ತು. ನನ್ನ ಹಳೆಯ ಕೋಣೆಯಲ್ಲಿ ಭೀಮಶಾ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದರು. ಶಿಬಿರವೊಂದರಲ್ಲಿ ಕೊಟ್ಟ ಕೃತಕ ಕಾಲು ಮೂಲೆಯಲ್ಲಿ ನಿಂತಿತ್ತು, ಮೇಲೆ ಧೂಳು. ಅದು ತಿಕ್ಕುತ್ತದೆ, ಹಾಕಿಕೊಳ್ಳುವುದಿಲ್ಲ ಎಂದರು. ನೆಲ ಹಾಗೇ ಇತ್ತು. ಒಂದು ಕಲ್ಲೂ ಅಲುಗಾಡಿರಲಿಲ್ಲ.

ಅವರ ಎಡಗಾಲಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿತ್ತು. ಬೆರಳುಗಳ ಹತ್ತಿರ ಬಟ್ಟೆ ಒದ್ದೆಯಾಗಿತ್ತು. ಕಿರುಬೆರಳು ಹೊರಗೆ ಕಾಣುತ್ತಿತ್ತು, ಕಪ್ಪಾಗಿತ್ತು. ಕೋಣೆಯಲ್ಲಿ ವಾಸನೆ ಇತ್ತು. ಯಾವಾಗಿನಿಂದ ಎಂದು ಕೇಳಿದೆ.

"ಎರಡು ದಿನ ಆತ್ರಿ."

ನಾನು ಕಮಲಾಬಾಯಿಯ ಮುಖ ನೋಡಿದೆ. ಚಹಾದ ಕಪ್ಪು ನನ್ನ ಮುಂದಿಟ್ಟು, "ನೀವೇ ಲೆಕ್ಕ ಹಾಕ್ರಿ. ಈಗರೆ ಬರ್ತದಲ್ಲ ನಿಮಗ," ಎಂದರು.

ಇವತ್ತೇ ಕಲಬುರಗಿಗೆ ಹೋಗೋಣ, ನಾನು ಜೊತೆಗಿರುತ್ತೇನೆ, ಪರಿಚಯದ ಡಾಕ್ಟರಿದ್ದಾರೆ ಎಂದೆ. ಭೀಮಶಾ ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ ಸರ. ಹೋದ್ರ ಅವ್ರು ಏನ್ ಅಂತಾರ ನನಗ ಗೊತ್ತದ. ಒಮ್ಮಿ ನೀವೇ ಹೇಳೀರಿ ಅದನ್ನ."

ಆದರೂ ಗಾಡಿ ಕರೆಸಿದೆ. ಅದು ಬಂದು ಗಲ್ಲಿಯಲ್ಲಿ ಅರ್ಧ ತಾಸು ನಿಂತಿತು. ಭೀಮಶಾ ಕುಳಿತಲ್ಲಿಂದ ಏಳಲಿಲ್ಲ. ನಾನು ಕೈ ಹಿಡಿದರೆ ಮೆತ್ತಗೆ ಬಿಡಿಸಿಕೊಂಡರು. ಕಮಲಾಬಾಯಿ ಅವರನ್ನು ಏಳ್ರಿ ಎನ್ನಲಿಲ್ಲ. ಹಿಂದಿನ ವಾರವೇ ಹೆಣ್ಣುಮಕ್ಕಳು ಬಂದು, ಅತ್ತು, ಕೈಕಾಲು ಹಿಡಿದು ಹೋಗಿದ್ದಾರೆ ಎಂದು ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದರು. ಚಾಲಕ ಎರಡು ಸಲ ಹಾರ್ನ್ ಹಾಕಿದ. ಮೂರನೇ ಸಲ ಹಾಕುವ ಮೊದಲು ನಾನೇ ಹೊರಗೆ ಹೋಗಿ ಅವನನ್ನು ಕಳಿಸಿದೆ.

ಚಪ್ಪಲಿ ಮೆಟ್ಟಿಕೊಳ್ಳುವಾಗ ಭೀಮಶಾ ಒಳಗಿನಿಂದ ಕರೆದರು. ನನ್ನ ಮುಖವನ್ನು ಚೆನ್ನಾಗಿ ನೋಡಿ, ಡಾಕ್ಟರಿಗೆ ಹೇಳುವ ದನಿಯಲ್ಲಿ ಹೇಳಿದರು:

"ತಲಿ ಕೆಡಿಸ್ಕೋಬ್ಯಾಡ್ರಿ ಸರ. ರೂಪಾಯಿಗಿ ಎಂಟಾಣೆ ಕಮ್ಮಿ ಅದ."

ಅವರ ಕಿರುಬೆರಳಿನ ಮೇಲೆ ಒಂದು ನೊಣ ಕೂತಿತ್ತು. ಅದು ಅಲ್ಲೇ ನಡೆದಾಡುತ್ತಿತ್ತು. ಅವರಿಗೆ ತಿಳಿಯಲಿಲ್ಲ.